ಮಳೆಗಾಲಕ್ಕೆ ಮೊಬೈಲ್ ಸಜ್ಜುಗೊಳಿಸುವ ಬಗೆ: ಉತ್ತರ ಕನ್ನಡದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಜಿಲ್ಲೆಯಲ್ಲಿ ಮೊಬೈಲಿನ ನಿಜವಾದ ಪರೀಕ್ಷೆ ನಡೆಯುವುದು ಜುಲೈಯಲ್ಲಿ. ಪುನರ್ವಸು ಮಳೆ ಹಿಡಿದುಕೊಂಡರೆ ಮೊದಲು ಕರೆಂಟು ಹೋಗುತ್ತದೆ. ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿ ಮುಗಿದು ಸಿಗ್ನಲ್ಲೂ ಹೋಗುತ್ತದೆ. ಹಳ್ಳ ತುಂಬಿ ಸಂಕದ (ಕಾಲುಸೇತುವೆಯ) ಆಚೆಯವರು ಆಚೆಗೇ ಉಳಿಯುತ್ತಾರೆ. ಉಪಯುಕ್ತ ಆ್ಯಪ್‌ಗಳೆಂದು ಎಲ್ಲೆಡೆ ಹೊಗಳಿಸಿಕೊಳ್ಳುವವುಗಳಲ್ಲಿ ಬಹುಪಾಲು ಇಂಥ ಹೊತ್ತಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಹಾಗಾಗಿ ಇಲ್ಲಿ ಹೇಳುವ ಪ್ರತಿಯೊಂದು ಆ್ಯಪ್, ಉಪಕರಣ, ಜಾಲತಾಣಕ್ಕೂ ನಾನು ಹಾಕುವ ಪ್ರಶ್ನೆ ಒಂದೇ: ಕರೆಂಟೂ ನೆಟ್‌ವರ್ಕೂ ಕೈಕೊಟ್ಟ ದಿನ ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ?

2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿದ್ದನ್ನು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ಗೊತ್ತಿದೆ. ಸಿದ್ಧತೆಯ ಕೆಲಸವೆಲ್ಲ ಮೇ ತಿಂಗಳದ್ದು. ಹಪ್ಪಳ, ಉಪ್ಪಿನಕಾಯಿ, ಒಣಕಟ್ಟಿಗೆ ಒಳಗೆ ಸೇರುವ ಹೊತ್ತಿಗೇ ಇದೂ ಮುಗಿಯಬೇಕು.

ಮೊದಲು ಕರೆಂಟು

ಪವರ್ ಬ್ಯಾಂಕ್ ಕೊಳ್ಳುವವರು ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ನೋಡಿ ಲೆಕ್ಕ ಹಾಕುತ್ತಾರೆ. 10,000 ಮಿಲಿ ಆಂಪಿಯರ್ ಅವರ್ ಎಂದಿದ್ದರೆ 5,000ದ ಫೋನು ಎರಡು ಬಾರಿ ತುಂಬುತ್ತದೆ ಎಂಬ ಎಣಿಕೆ ಅವರದು. ಹಾಗಾಗುವುದಿಲ್ಲ. ಆ ಅಂಕಿ ಒಳಗಿನ 3.7 ವೋಲ್ಟಿನ ಕೋಶಕ್ಕೆ ಸಂಬಂಧಿಸಿದ್ದು. ಹೊರಗೆ ಬರುವುದು 5 ವೋಲ್ಟಿನಲ್ಲಿ, ನಡುವೆ ಬಿಸಿಯಾಗಿ ಒಂದಷ್ಟು ನಷ್ಟ. ಕೈಗೆ ಸಿಗುವುದು ಸುಮಾರು 6,000ದಿಂದ 6,500 ಅಷ್ಟೇ. ಅಂದರೆ ಫೋನು ಒಂದು ಸಲ ಪೂರ್ತಿ ತುಂಬಿ ಮೇಲೆ ಸ್ವಲ್ಪ ಉಳಿಯುತ್ತದೆ. ಇಬ್ಬರು ಮೂವರು ಇರುವ ಮನೆಗೆ, ಅದರಲ್ಲೂ ಘಟ್ಟದ ಮೇಲಿನ ಒಂಟಿ ಮನೆಗಳಿಗೆ, 20,000ದ್ದನ್ನೇ ಕೊಳ್ಳಿ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿಯ ಗುರುತು ಇದೆಯೇ ಎಂದು ನೋಡಿ. ಹಳೆಯ ಪವರ್ ಬ್ಯಾಂಕ್ ಉಬ್ಬಿಕೊಂಡಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು.

ಎರಡನೆಯದು ವೈಫೈ ರೂಟರಿಗೆ ಬೇಕಾದ ಸಣ್ಣ ಯುಪಿಎಸ್, ಅಂದರೆ ಕರೆಂಟು ಹೋದಾಗ ತನ್ನ ಬ್ಯಾಟರಿಯಿಂದ ರೂಟರನ್ನು ನಡೆಸುವ ಪೆಟ್ಟಿಗೆ. ಹಳ್ಳಿಯ ಮನೆಗಳಿಗೆ ಫೈಬರ್ ಬಂದ ಮೇಲೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಉಪಕರಣ ಇದೇ ಎಂಬುದು ನನ್ನ ಅಭಿಪ್ರಾಯ. ಫೈಬರಿನಲ್ಲಿ ಹರಿಯುವುದು ಬೆಳಕು. ಆಚೆ ತುದಿಯ ಎಕ್ಸ್‌ಚೇಂಜಿನಲ್ಲಿ ವಿದ್ಯುತ್ ಇದ್ದು, ನಡುವೆ ತಂತಿ ತುಂಡಾಗದಿದ್ದರೆ, ನಿಮ್ಮ ಮನೆಯ ಪೆಟ್ಟಿಗೆಗೆ ಕರೆಂಟು ಕೊಟ್ಟರೆ ಸಾಕು, ಇಂಟರ್ನೆಟ್ ನಡೆಯುತ್ತದೆ.

ಕೊಳ್ಳುವ ಮೊದಲು ಹೀಗೆ ಮಾಡಿ. ರೂಟರಿನ ಅಡಾಪ್ಟರನ್ನು ಗೋಡೆಯಿಂದ ಕಳಚಿ, ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ‘ಔಟ್‌ಪುಟ್’ ಎಂಬ ಸಾಲನ್ನು ಹುಡುಕಿ. ಹೆಚ್ಚಿನವುಗಳಲ್ಲಿ 12 ವೋಲ್ಟ್ ಎಂದಿರುತ್ತದೆ, ಕೆಲವದರಲ್ಲಿ 9 ಅಥವಾ 5. ಪಕ್ಕದಲ್ಲೇ 1 ಅಥವಾ 1.5 ಆಂಪಿಯರ್ ಎಂದಿರುತ್ತದೆ. ಯುಪಿಎಸ್‌ನ ವೋಲ್ಟ್ ಇದಕ್ಕೆ ಸರಿಸಮನಾಗಿರಬೇಕು. ಆಂಪಿಯರ್ ಸಮನಾಗಿದ್ದರೂ ಆಗುತ್ತದೆ, ಹೆಚ್ಚಿದ್ದರೂ ತೊಂದರೆಯಿಲ್ಲ, ಕಡಿಮೆ ಮಾತ್ರ ಇರಬಾರದು. ಈ ಸಾಲಿನ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಪಿನ್ ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಅಡಾಪ್ಟರನ್ನೂ ಜೊತೆಗೆ ಒಯ್ಯಿ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇರುವ ಮನೆಗೆ ಎರಡು ಔಟ್‌ಪುಟ್ ಇರುವ ಯುಪಿಎಸ್ ಬೇಕು. ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೆ ವ್ಯಾಟ್ ಅವರ್ ಎಂಬ ಅಂಕಿಯೇ ಆಧಾರ. 37 ವ್ಯಾಟ್ ಅವರ್‌ನ ಯುಪಿಎಸ್, 8 ವ್ಯಾಟ್ ಎಳೆಯುವ ರೂಟರನ್ನು ಸುಮಾರು ನಾಲ್ಕು ಗಂಟೆ ನಡೆಸುತ್ತದೆ. ಅದನ್ನು ಇಡೀ ದಿನ ಹಚ್ಚಿಡದೆ, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಎಂದು ಹಚ್ಚಿದರೆ ಮೂರು ನಾಲ್ಕು ದಿನಕ್ಕೆ ಬರುತ್ತದೆ.

ಸಿಡಿಲಿನ ಹೊತ್ತಿಗೆ ಪ್ಲಗ್ಗನ್ನು ಗೋಡೆಯಿಂದ ಕಳಚುವುದೇ ಸರಿ, ಸ್ವಿಚ್ ಆರಿಸಿದರೆ ಸಾಲದು. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ ನಿಜ, ಆದರೆ ಕೆಲವು ಕೇಬಲ್ಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಯುಪಿಎಸ್‌ನಿಂದ ರೂಟರ್ ನಡೆಯುತ್ತಿರುತ್ತದೆ ಎಂಬುದು ಇದರ ಇನ್ನೊಂದು ಲಾಭ.

ಬೆಳಕಿಗೆ ಒಳಗೇ ಬ್ಯಾಟರಿ ಇರುವ ಎಲ್‌ಇಡಿ ಬಲ್ಬುಗಳು ಅಡುಗೆಮನೆಗೊಂದು, ಬಚ್ಚಲಿಗೊಂದು ಇರಲಿ. ತಲೆಗೆ ಕಟ್ಟಿಕೊಳ್ಳುವ ಟಾರ್ಚು ಕೊಟ್ಟಿಗೆಗೆ ಹೋಗುವವರಿಗೆ, ತೋಟದ ಹಾದಿಯಲ್ಲಿ ನಡೆಯುವವರಿಗೆ ಬಹಳ ಅನುಕೂಲ, ಎರಡೂ ಕೈ ಬಿಡುವಾಗಿರುತ್ತವೆ. ಸೌರ ದೀಪವನ್ನು ಆಷಾಢದಲ್ಲಿ ನೆಚ್ಚಿಕೊಳ್ಳಬೇಡಿ. ಕರೆಂಟು ಹೋದ ದೂರಿಗೆ ಹೆಸ್ಕಾಂನ 1912 ಇದೆ. ಊರಿನ ಲೈನ್‌ಮನ್ ಸಂಖ್ಯೆ ಅದಕ್ಕಿಂತ ಮೊದಲು ನಿಮ್ಮಲ್ಲಿರಲಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ, ದೂರದಿಂದ ಫೋಟೊ ತೆಗೆದು ಕಂಬದ ಗುರುತು ಸಹಿತ ಕಳುಹಿಸಿದರೆ ಅವರಿಗೆ ಅರ್ಧ ಅಲೆದಾಟ ತಪ್ಪುತ್ತದೆ.

ಮಾತು ಹೊರಗೆ ಹೋಗುವ ದಾರಿ

ಮನೆಯಲ್ಲಿ ಎಲ್ಲರದೂ ಒಂದೇ ಕಂಪನಿಯ ಸಿಮ್ ಆಗಿರಬಾರದು. ಒಂದು ಟವರ್ ಮಲಗಿದರೆ ಇನ್ನೊಂದಾದರೂ ಇರುತ್ತದೆ. ನಿಮ್ಮ ಊರಿನಲ್ಲಿ ಯಾವ ಟವರು ಕರೆಂಟು ಹೋದ ಮೇಲೂ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಂಗಡಿಯವರು, ಹಾಲಿನ ಡೇರಿಯವರು ಹೇಳಬಲ್ಲರು. ಎರಡನೆಯ ಸಿಮ್ ಅದರದ್ದೇ ಇರಲಿ.

ಮುಂದಿನದು ವೈಫೈ ಕಾಲಿಂಗ್. ಸಿಗ್ನಲ್ ಒಂದು ಕಡ್ಡಿಯೂ ಇಲ್ಲದ ತಗ್ಗಿನ ಮನೆಯಿಂದಲೂ ಮಾಮೂಲಿ ಕರೆ ಮಾಡಲು, ಬ್ಯಾಂಕಿನವರ ಕರೆ ಸ್ವೀಕರಿಸಲು ಇದರಿಂದ ಸಾಧ್ಯ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ವೈಫೈ ಕಾಲಿಂಗ್ ಎಂಬುದನ್ನು ಚಾಲೂ ಮಾಡಿ. ಸರಿಯಾಗಿದೆಯೇ ಎಂದು ನೋಡಲು ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಚಾಲೂ ಮಾಡಿ, ಮನೆಯವರಿಗೆ ಒಂದು ಕರೆ ಮಾಡಿ. ರಿಂಗಾದರೆ ಕೆಲಸ ಮುಗಿಯಿತು. ಹಿಂದಿನ ಭಾಗದಲ್ಲಿ ಹೇಳಿದ ಯುಪಿಎಸ್ ಇದರ ಜೊತೆ ಸೇರಿದಾಗ, ಕರೆಂಟೂ ಟವರೂ ಇಲ್ಲದ ಮನೆಯಿಂದಲೂ ಮಾತು ಹೊರಗೆ ಹೋಗುತ್ತದೆ.

ಸಿಗ್ನಲ್ ಕ್ಷೀಣವಾಗಿದ್ದಾಗ ಮತ್ತೆ ಮತ್ತೆ ಕರೆ ಮಾಡಿ ಬ್ಯಾಟರಿ ಸವೆಸಬೇಡಿ. ಸಾದಾ ಎಸ್‌ಎಂಎಸ್ ಕಳುಹಿಸಿ, ಕರೆ ನಿಲ್ಲದ ಜಾಗದಲ್ಲೂ ಅದು ಹೋಗಿಬಿಡುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಪೂರ್ತಿ ಹೋಗಿದ್ದರೂ ಬೇರೆ ಯಾವುದಾದರೂ ಟವರ್ ಹತ್ತಿರದಲ್ಲಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುತ್ತದೆ. ದೊಡ್ಡ ಅನಾಹುತಗಳಾದಾಗ ದೂರಸಂಪರ್ಕ ಇಲಾಖೆ ಒಂದು ಕಂಪನಿಯ ಸಿಮ್ ಮತ್ತೊಂದರ ಟವರಿನಲ್ಲಿ ನಡೆಯುವಂತೆ ಮಾಡುವುದೂ ಉಂಟು. ಆಗ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು ಕೈಯಾರೆ ಹುಡುಕಿ ಆರಿಸಿಕೊಳ್ಳಬೇಕಾಗಬಹುದು.

ಒಂದು ಕೀಪ್ಯಾಡ್ ಫೋನು ಮನೆಯಲ್ಲಿರಲಿ. ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ, ಟಾರ್ಚು ಇರುತ್ತದೆ, ಹಲವದರಲ್ಲಿ ಎಫ್‌ಎಂ ರೇಡಿಯೊ ಕೂಡ ಇರುತ್ತದೆ. ಎಲ್ಲವೂ ನಿಂತ ದಿನ ಕಾರವಾರ ಆಕಾಶವಾಣಿಯ ಸುದ್ದಿ ಕೇಳಲು ಅದೇ ಸಾಕು. ತಂತಿಯ ಇಯರ್‌ಫೋನ್ ಚುಚ್ಚಿದರಷ್ಟೇ ಹಲವು ಫೋನುಗಳಲ್ಲಿ ರೇಡಿಯೊ ಕೇಳಿಸುತ್ತದೆ, ಆ ತಂತಿಯೇ ಅದಕ್ಕೆ ಆಂಟೆನಾ.

ಮನೆ ಎಲ್ಲಿದೆ ಎಂದು ಹೇಳುವುದು

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಊರುಗಳಲ್ಲಿ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ತೋಟದ ಅಂಚಿಗೊಂದು, ಬೆಟ್ಟದ ಬುಡಕ್ಕೊಂದು. 108ಕ್ಕೆ ಕರೆ ಮಾಡಿದವರು ಗಾಬರಿಯಲ್ಲಿ ‘ದೇವಸ್ಥಾನ ದಾಟಿ ಎಡಕ್ಕೆ, ದೊಡ್ಡ ಹಲಸಿನ ಮರದ ಹತ್ತಿರ’ ಎಂದು ಹೇಳುತ್ತಾ ಹೋಗುತ್ತಾರೆ. ಹೊರ ಜಿಲ್ಲೆಯ ಚಾಲಕನಿಗೆ ರಾತ್ರಿ ಹೊತ್ತು ಅದು ತಿಳಿಯುವುದಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ, ಈ ಭಾಗದ್ದನ್ನು ಮಾಡಿ.

ಅಂಗಳದಲ್ಲಿ, ಮರದ ನೆರಳಿಲ್ಲದ ಕಡೆ ನಿಂತು ಗೂಗಲ್ ಮ್ಯಾಪ್ಸ್ ತೆರೆಯಿರಿ. ನೀಲಿ ಚುಕ್ಕೆಯ ಸುತ್ತಲಿನ ತೆಳು ನೀಲಿ ವೃತ್ತ ಚಿಕ್ಕದಾಗುವವರೆಗೆ ಕಾಯಿರಿ. ವೃತ್ತ ದೊಡ್ಡದಿದ್ದರೆ ಫೋನಿಗೆ ಇನ್ನೂ ಜಾಗ ಖಚಿತವಾಗಿಲ್ಲ ಎಂದರ್ಥ. ಚುಕ್ಕೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಕೆಂಪು ಗುರುತು ಬೀಳುತ್ತದೆ. ಕೆಳಗೆ ಬರುವ ವಿವರಗಳಲ್ಲಿ ನಡುವೆ ಕೂಡಿಸುವ ಚಿಹ್ನೆ ಇರುವ ಅಕ್ಷರ ಮತ್ತು ಅಂಕಿಗಳ ಸಾಲೊಂದಿರುತ್ತದೆ. ಅದೇ ಪ್ಲಸ್ ಕೋಡ್, ಅಂದರೆ ಆ ಜಾಗದ ಗುರುತು. ಜೊತೆಯಲ್ಲಿ ಊರಿನ ಹೆಸರು ಇದ್ದರೆ ಅದನ್ನೂ ಸೇರಿಸಿ ಬರೆದುಕೊಳ್ಳಿ.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬುದನ್ನು ಬಿಡುಗಡೆ ಮಾಡಿದೆ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ನೆರವಿನಿಂದ ರೂಪಿಸಿದ ಇದು ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ 10 ಅಕ್ಷರಗಳ ಗುರುತು ಕೊಡುತ್ತದೆ. ಅಂಚೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಮನೆಯದನ್ನು ನೋಡಿ ಬರೆದಿಟ್ಟುಕೊಳ್ಳಿ. ತುರ್ತಿಗೆ ಮಾತ್ರ ಪ್ಲಸ್ ಕೋಡನ್ನೇ ಮೊದಲು ಹೇಳಿ, ಏಕೆಂದರೆ ಯಾವ ಚಾಲಕನಾದರೂ ಅದನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ನೇರವಾಗಿ ಹುಡುಕಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ಮಳೆಗಾಲದಲ್ಲಿ ವಾಹನ ಎಲ್ಲಿಯವರೆಗೆ ಬರುತ್ತದೆಯೋ ಆ ಜಾಗದ ಗುರುತನ್ನೂ ಬೇರೆಯಾಗಿ ತೆಗೆಯಿರಿ. ಬೇಸಿಗೆಯಲ್ಲಿ ಅಂಗಳಕ್ಕೇ ಬರುವ ಜೀಪು ಜುಲೈಯಲ್ಲಿ ಸಂಕದ ಆಚೆಯೇ ನಿಲ್ಲುತ್ತದೆ. ಆಂಬುಲೆನ್ಸ್‌ನವರಿಗೆ ಬೇಕಾದದ್ದು ಆ ಸಂಕದ ಗುರುತು, ಅಲ್ಲಿಂದ ರೋಗಿಯನ್ನು ಹೊತ್ತು ತರಬೇಕಾದ ದೂರ. ಮನೆ, ವಾಹನ ನಿಲ್ಲುವ ಜಾಗ, ಎರಡರ ಗುರುತನ್ನೂ ದಪ್ಪ ಅಕ್ಷರಗಳಲ್ಲಿ ಹಾಳೆಯ ಮೇಲೆ ಬರೆದು, 108, 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಮತ್ತು ಹತ್ತಿರದ ಇಬ್ಬರು ಜೀಪು ಮಾಲೀಕರ ಸಂಖ್ಯೆಗಳ ಸಹಿತ ಜಗಲಿಯ ಗೋಡೆಗೆ ಅಂಟಿಸಿ. ಕಾಗದಕ್ಕೆ ಚಾರ್ಜು ಬೇಕಾಗುವುದಿಲ್ಲ.

ಹಾಗೆಯೇ ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ ‘ಆಫ್‌ಲೈನ್ ನಕ್ಷೆಗಳು’ ಎಂಬಲ್ಲಿ ಇಡೀ ಜಿಲ್ಲೆಯನ್ನೂ ಹುಬ್ಬಳ್ಳಿ, ಮಣಿಪಾಲದವರೆಗಿನ ಭಾಗವನ್ನೂ ಇಳಿಸಿಕೊಳ್ಳಿ. ದೊಡ್ಡ ಆಸ್ಪತ್ರೆಗೆಂದು ನಮ್ಮವರು ಹೋಗುವುದು ಆ ಕಡೆಗಳಿಗೇ. ನೆಟ್ ಇಲ್ಲದಾಗ ವಾಹನದ ದಾರಿ ತೋರಿಸುತ್ತದೆ, ದಟ್ಟಣೆಯ ವಿವರ ಮಾತ್ರ ಇರುವುದಿಲ್ಲ. ಕಾಲುದಾರಿಗಳು ಬೇಕಿದ್ದವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್ ಒಳ್ಳೆಯದು, ಅದು ಪೂರ್ತಿ ಆಫ್‌ಲೈನ್.

ಮಳೆ ಮತ್ತು ಸಿಡಿಲು

ಹವಾಮಾನದ ಆ್ಯಪ್‌ಗಳು ಹತ್ತಾರಿವೆ. ಫೋನಿನ ಜೊತೆಯೇ ಬರುವ, ಮೋಡದ ಚಿತ್ರ ತೋರಿಸುವ ಆ್ಯಪನ್ನು ನಮ್ಮ ಘಟ್ಟದ ಮಳೆಗೆ ನಂಬುವುದು ಕಷ್ಟ. ಕೆಳಗಿನವು ಸಾಕು.

ಭಾರತೀಯ ಹವಾಮಾನ ಇಲಾಖೆಯ ‘ಮೌಸಮ್’ 2020ರಲ್ಲಿ ಬಂದದ್ದು. ಜಿಲ್ಲೆಯ ಎಚ್ಚರಿಕೆಯ ಬಣ್ಣವನ್ನು ಇದರಲ್ಲೇ ನೋಡಿ. ಬಣ್ಣದ ಹಿಂದಿನ ಲೆಕ್ಕ ಗೊತ್ತಿದ್ದರೆ ಗಾಬರಿಯೂ ಕಡಿಮೆ, ಉಡಾಫೆಯೂ ಕಡಿಮೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬೀಳುವುದು ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ, ಅದಕ್ಕೂ ಮೇಲಿನದು ಅತ್ಯಂತ ಭಾರೀ ಮಳೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಸ್ಥೂಲವಾಗಿ ಈ ಮೂರಕ್ಕೆ ಹೊಂದುತ್ತವೆ. ನಿಮ್ಮ ಅಂಗಳದಲ್ಲಿ ಎಷ್ಟು ಬಿತ್ತೆಂದು ತಿಳಿಯಲು ಮಳೆಮಾಪಕವೊಂದನ್ನು ಇಡಿ. ನಮ್ಮಲ್ಲಿ ಮಳೆಯ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುವ ಹಿರಿಯರು ಈಗಲೂ ಇದ್ದಾರೆ, ಅದು ಬಹಳ ಒಳ್ಳೆಯ ರೂಢಿ. ಮಾಪಕ ಇಲ್ಲದವರು ನೇರ ಗೋಡೆಯ, ಚಪ್ಪಟೆ ತಳದ ಡಬ್ಬವನ್ನು ಬಯಲಿನಲ್ಲಿಟ್ಟು, ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದರೂ ಆಗುತ್ತದೆ. ಹವಾಮಾನ ಇಲಾಖೆಯ ಮಳೆಯ ದಿನ ಲೆಕ್ಕವಾಗುವುದೂ ಆ ಹೊತ್ತಿಗೇ. ಎರಡು ಮೂರು ದಿನ ಎಡೆಬಿಡದೆ ಸುರಿದು, ಮನೆಯ ಹಿಂದಿನ ಧರೆಯಲ್ಲಿ (ಕಡಿದ ಮಣ್ಣಿನ ಗೋಡೆಯಲ್ಲಿ) ಹೊಸ ಬಿರುಕು ಬಿಟ್ಟಿದ್ದರೆ, ಒರತೆಯ ನೀರು ಒಮ್ಮೆಲೇ ಕೆಂಪಾದರೆ, ಮರಗಳು ವಾಲಿದ್ದರೆ, ಯಾವ ಆ್ಯಪಿನ ಬಣ್ಣಕ್ಕೂ ಕಾಯದೆ ಮನೆ ಬಿಡಿ.

‘ದಾಮಿನಿ’ ಸಿಡಿಲಿನ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದು. 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಿಂಚು ಹೊಡೆಯುತ್ತಿದ್ದರೆ ತಿಳಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಇದೇ ಕೆಲಸಕ್ಕೆ. ಎರಡರಲ್ಲಿ ಒಂದಿದ್ದರೂ ಸಾಕು, ಆದರೆ ಇನ್‌ಸ್ಟಾಲ್ ಮಾಡಿದ ಮೇಲೆ ಎರಡು ಕೆಲಸ ಕಡ್ಡಾಯ. ಮೊದಲನೆಯದು, ಸ್ಥಳದ ಅನುಮತಿಯನ್ನು ‘ಯಾವಾಗಲೂ’ ಎಂದು ಕೊಡುವುದು. ಎರಡನೆಯದು, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಈ ಆ್ಯಪನ್ನು ಹೊರಗಿಡುವುದು. ಇಲ್ಲದಿದ್ದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ, ಎಚ್ಚರಿಕೆ ಬರುವುದೇ ಇಲ್ಲ. ನಮ್ಮಲ್ಲಿ ಸಿಡಿಲಿನ ಅಪಾಯ ಹೆಚ್ಚು ಇರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವಾಗ. ನೆಟ್ ಇಲ್ಲದಾಗ ಕಿವಿಯೇ ಗತಿ: ಮಿಂಚು ಕಂಡು ಗುಡುಗು ಕೇಳಿಸುವವರೆಗೆ ಎಣಿಸಿ, ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ತೋಟದಿಂದ ಮನೆಗೆ ಬನ್ನಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಹೋಗಬೇಡಿ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಅಧಿಕೃತ ಎಚ್ಚರಿಕೆಗಳನ್ನು ಭಾರತೀಯ ಭಾಷೆಗಳಲ್ಲಿ ಕೊಡುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಇದೆ, 92433 45433. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ನಿಮ್ಮ ಊರಿನ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲೇ ಕೇಳಬಹುದು. ಕೀಪ್ಯಾಡ್ ಫೋನಿನ ಅಜ್ಜನಿಗೂ ದೊರಕುವ ಈ ಸೇವೆ ನನಗೆ ಯಾವ ಆ್ಯಪಿಗಿಂತ ಹೆಚ್ಚು ಇಷ್ಟ.

ಕೊಳೆ ಔಷಧಿಗೆ ಒಣ ಹೊತ್ತು ಹುಡುಕುವುದು

ಅಡಿಕೆ ಬೆಳೆಗಾರರಿಗೆ ಮುನ್ಸೂಚನೆ ಬೇಕಾಗುವುದು ಒಂದು ಮುಖ್ಯ ಕೆಲಸಕ್ಕೆ: ಕೊಳೆರೋಗ ತಡೆಯಲು ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ. ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಕ್ಕೆ. ಈ ಎರಡನೆಯದು ಬರುವುದು ನಡುಮಳೆಗಾಲದಲ್ಲಿ. ಔಷಧಿ ಗೊನೆಯ ಮೇಲೆ ಒಣಗಲು ಕೆಲವು ಗಂಟೆಯ ಹೊಳವು ಬೇಕು, ಮರ ಹತ್ತಿ ಸಿಂಪಡಿಸುವ ಕೊನೆಗೌಡ ಸಿಗಬೇಕು, ಎರಡೂ ಒಂದೇ ದಿನ ಕೂಡಿಬರಬೇಕು.

ಮೂರು ಹಂತದಲ್ಲಿ ನೋಡಿ. ಐದು ದಿನ ಮೊದಲು ‘ಮೇಘದೂತ್’ ತೆರೆಯಿರಿ. ಹವಾಮಾನ ಇಲಾಖೆ ಮತ್ತು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಸೇರಿ ತಂದ ಇದರಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಕೃಷಿ ಸಲಹೆ ಕನ್ನಡದಲ್ಲಿ ಬರುತ್ತದೆ. ಯಾವ ದಿನ ಮಳೆ ಇಳಿಮುಖವಾಗಬಹುದು ಎಂಬ ಅಂದಾಜು ಅಲ್ಲಿ ಸಿಗುತ್ತದೆ. ಎರಡು ದಿನ ಮೊದಲು ‘ವಿಂಡಿ’ ಜಾಲತಾಣದಲ್ಲಿ ನಿಮ್ಮ ಊರಿನ ಮೇಲೆ ಒತ್ತಿ, ದಿನದ ಯಾವ ಹೊತ್ತಿಗೆ ಎಷ್ಟು ಮಳೆ ಎಂಬುದನ್ನು ಯುರೋಪಿನ ಮುನ್ಸೂಚನಾ ಮಾದರಿಯಲ್ಲೂ ಅಮೆರಿಕದ ಮಾದರಿಯಲ್ಲೂ ನೋಡಿ. ಎರಡೂ ಒಂದೇ ಹೊತ್ತಿಗೆ ಬಿಡುವು ತೋರಿಸಿದರೆ ಕೊನೆಗೌಡನಿಗೆ ಹೇಳಿ. ಬೇರೆ ಬೇರೆ ತೋರಿಸಿದರೆ ಇನ್ನೊಂದು ದಿನ ಕಾಯಿರಿ. ಯುರೋಪಿನ ಮಾದರಿ ಲೆಕ್ಕ ಹಾಕುವ ಚೌಕವೇ ಸುಮಾರು 9 ಕಿಲೋಮೀಟರ್ ಅಗಲದ್ದು. ದೇವಿಮನೆ ಘಟ್ಟದ ನೆತ್ತಿಗೂ ಅದರ ಕೆಳಗಿನ ಕಣಿವೆಗೂ ಇರುವ ವ್ಯತ್ಯಾಸ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕೊನೆಯ ಹಂತ, ಅಂದಿನ ಬೆಳಿಗ್ಗೆ ಹವಾಮಾನ ಇಲಾಖೆಯ ತಾಣದಲ್ಲಿ ಪಣಜಿಯ ಡಾಪ್ಲರ್ ರಾಡಾರ್ ಚಿತ್ರ ನೋಡುವುದು. ಅದು ಮುನ್ಸೂಚನೆಯಲ್ಲ, ಆ ಹೊತ್ತಿಗೆ ನಿಜವಾಗಿ ಇರುವ ಮಳೆ. ಸಮುದ್ರದ ಮೇಲಿನಿಂದ ಬಣ್ಣದ ಪಟ್ಟಿಗಳು ಸಾಲಾಗಿ ಕರಾವಳಿಯತ್ತ ಸರಿಯುತ್ತಿದ್ದರೆ ಸುಣ್ಣ ಕಲಸಬೇಡಿ. ಚಿತ್ರ ಖಾಲಿ ಇದ್ದರೆ ಏಣಿ ಎತ್ತಿ.

ದ್ರಾವಣ ಸಮಸ್ಥಿತಿಗೆ ಬಂದಿದೆಯೇ ಎಂದು ನೋಡಲು ಪಿಎಚ್ ಕಾಗದದ ಪಟ್ಟಿಗಳು ಕೃಷಿ ಅಂಗಡಿಗಳಲ್ಲಿ ದೊರೆಯುತ್ತವೆ, 7ರ ಆಸುಪಾಸು ಇರಬೇಕು. ಕೆಳಗಿನಿಂದಲೇ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿದೆ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಅದರ ಸಮೀಪದ ಮರಗಳಿಗೆ ಆ ದೋಟಿ ಬಳಸಲೇಬೇಡಿ.

ಹೊಳೆ ಮತ್ತು ಸಮುದ್ರ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಂಡೆಯವರು ಮಳೆಯ ಜೊತೆಗೆ ಇನ್ನೆರಡು ವಿಷಯ ನೋಡಬೇಕು. ಒಂದು ಅಣೆಕಟ್ಟಿನ ಮಟ್ಟ. ಶರಾವತಿಯ ಕೆಳದಂಡೆಯವರಿಗೆ ಲಿಂಗನಮಕ್ಕಿ ತನ್ನ ಪೂರ್ಣ ಮಟ್ಟವಾದ 1,819 ಅಡಿಗೆ ಎಷ್ಟು ಹತ್ತಿರ ಬಂದಿದೆ ಎಂಬುದು ಮುಖ್ಯ, ಕಾಳಿಯವರಿಗೆ ಕದ್ರಾ ಅಣೆಕಟ್ಟಿನಿಂದ ಬಿಡುವ ನೀರು. ಪ್ರಮುಖ ಜಲಾಶಯಗಳ ದಿನದ ಮಟ್ಟ ವಿಕೋಪ ಉಸ್ತುವಾರಿ ಕೇಂದ್ರದ ತಾಣದಲ್ಲಿ ಸಿಗುತ್ತದೆ. ಇನ್ನೊಂದು ಭರತದ (ಸಮುದ್ರದ ಉಬ್ಬರದ) ಹೊತ್ತು. ಭರತ ಏರಿದಾಗ ಹೊಳೆಯ ನೀರು ಸಮುದ್ರಕ್ಕೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ, ಹೊಳೆಯಂಚಿನ ತಗ್ಗಿನ ಗಜನಿ ಗದ್ದೆಗಳು ತುಂಬುವುದು ಆಗಲೇ.

ಸಮುದ್ರದ ಅಲೆ, ಗಾಳಿ, ಮೀನು ಸಿಗುವ ವಲಯದ ಮಾಹಿತಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ‘ಸಮುದ್ರ’ ಆ್ಯಪ್ ಇದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ, ಆಗಸ್ಟಿನಲ್ಲಿ ಮೊದಲು ಇಳಿಯುವ ದಿನಗಳಲ್ಲಿ ಇದು ಹೆಚ್ಚು ಬೇಕಾಗುತ್ತದೆ. ಕಡಲಲ್ಲಿ ಆಪತ್ತಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಗೋಕರ್ಣ, ಮುರ್ಡೇಶ್ವರದಲ್ಲಿ ವಸತಿಗೃಹ ನಡೆಸುವವರೂ ಎತ್ತರದ ಅಲೆಗಳ ಎಚ್ಚರಿಕೆಯನ್ನು ದಿನವೂ ನೋಡಿ ಪ್ರವಾಸಿಗರಿಗೆ ಹೇಳಬೇಕು.

ಘಟ್ಟ, ರೈಲು

ದೇವಿಮನೆ, ಅರಬೈಲು, ಅಣಶಿ, ವಡ್ಡಿ, ದೊಡ್ಮನೆ ಘಟ್ಟಗಳಲ್ಲಿ ಯಾವುದು ಮುಚ್ಚಿದೆ ಎಂಬುದು ನಕ್ಷೆಯ ಆ್ಯಪಿಗೆ ತಡವಾಗಿ ತಿಳಿಯುತ್ತದೆ. ನಕ್ಷೆ ಹಸಿರು ತೋರಿಸಿತೆಂದು ರಾತ್ರಿ ಘಟ್ಟ ಇಳಿಯಬೇಡಿ. ಜಿಲ್ಲಾಧಿಕಾರಿಗಳ ಪ್ರಕಟಣೆ ನೋಡಿ, ಬಸ್ ನಿಲ್ದಾಣದ ನಿಯಂತ್ರಣಾಧಿಕಾರಿಗೆ ಫೋನು ಮಾಡಿ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ರಜೆಯ ಆದೇಶ, ರಸ್ತೆ ಬಂದ್ ಸುದ್ದಿಯಲ್ಲಿ ದಿನಾಂಕ ಯಾವ ವರ್ಷದ್ದೆಂದು ಮೊದಲು ನೋಡಿ.

ಕೊಂಕಣ ರೈಲಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ, ವೇಗವೂ ಕಡಿಮೆ. ಏಪ್ರಿಲ್‌ನಲ್ಲಿ ಟಿಕೆಟ್ ತೆಗೆದವರು ಹೊರಡುವ ಹಿಂದಿನ ದಿನ ಸಮಯವನ್ನು ಮತ್ತೊಮ್ಮೆ ಪರೀಕ್ಷಿಸಿ, ಅಥವಾ ರೈಲ್ವೆ ವಿಚಾರಣೆಯ 139ಕ್ಕೆ ಕರೆ ಮಾಡಿ. ‘ವೇರ್ ಈಸ್ ಮೈ ಟ್ರೇನ್’ ಆ್ಯಪ್ ರೈಲಿನೊಳಗೆ ಕುಳಿತವರಿಗೆ ಟವರುಗಳ ಗುರುತಿನಿಂದ, ನೆಟ್ ಇಲ್ಲದೆಯೂ ಎಲ್ಲಿದ್ದೇವೆಂದು ತೋರಿಸುತ್ತದೆ. ಸುರಂಗಗಳಲ್ಲಿ ಮಾತ್ರ ಅದು ನಿಂತುಬಿಡುತ್ತದೆ.

ಕಾಗದಪತ್ರ, ಹಣ

ಆಧಾರ್, ಚಾಲನಾ ಪರವಾನಗಿ, ವಾಹನದ ಆರ್‌ಸಿ, ಮಕ್ಕಳ ಅಂಕಪಟ್ಟಿಗಳನ್ನು ಡಿಜಿಲಾಕರ್‌ಗೆ ಸೇರಿಸಿ. ಕಂದಾಯ ಇಲಾಖೆಯ ‘ಭೂಮಿ’ ತಾಣದಿಂದ ಪಹಣಿಯನ್ನು ಇಳಿಸಿಕೊಂಡು ಫೋನಿನಲ್ಲೂ, ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಫೋನಿನಲ್ಲೂ ಇಡಿ. ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ, ಕಾಳುಮೆಣಸು ಸರಿಯಾಗಿ ದಾಖಲಾಗಿದೆಯೇ ಎಂದು ನೋಡುವುದೂ ಈಗಲೇ ಆಗಲಿ, ಹವಾಮಾನ ಆಧಾರಿತ ಬೆಳೆ ವಿಮೆಗೆ ಅದೇ ಆಧಾರ. ವಿಮೆಯ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ‘ಸಂರಕ್ಷಣೆ’ ತಾಣದಲ್ಲಿ ನೋಡಬಹುದು.

ಮನೆ, ಕೊಟ್ಟಿಗೆ, ಧರೆ, ಬಾವಿ, ಪಂಪ್‌ಸೆಟ್, ತೋಟದ ಒಡ್ಡು, ಇವುಗಳ ಫೋಟೊಗಳನ್ನು ದಿನಾಂಕ ಮತ್ತು ಸ್ಥಳ ಮೂಡುವ ಕ್ಯಾಮೆರಾ ಆ್ಯಪಿನಿಂದ ಮೇ ತಿಂಗಳಲ್ಲೇ ತೆಗೆದಿಡಿ. ಹಾನಿಯಾದ ಮೇಲೆ ತೆಗೆದ ಫೋಟೊ ಏನು ಬಿದ್ದಿದೆ ಎಂದು ಹೇಳುತ್ತದೆ. ಮೊದಲು ಏನಿತ್ತು ಎಂದು ಹೇಳಲು ಹಳೆಯ ಫೋಟೊವೇ ಬೇಕು. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆಗೆ ಬಂದಾಗ ಎರಡನ್ನೂ ಪಕ್ಕಪಕ್ಕ ತೋರಿಸಿ.

ಹಣದ ವಿಷಯ ಚಿಕ್ಕದು. ನೆಟ್ ಇಲ್ಲದಾಗ *99# ಮೂಲಕ 5,000 ರೂಪಾಯಿವರೆಗೆ ಕಳುಹಿಸುವ ವ್ಯವಸ್ಥೆ ಇದೆ. ಆದರೆ ಎಲ್ಲ ಸಿಮ್‌ಗಳಲ್ಲೂ ಅದು ಒಂದೇ ರೀತಿ ನಡೆಯುವುದಿಲ್ಲ, ಮೊದಲೇ 10 ರೂಪಾಯಿ ಕಳುಹಿಸಿ ನೋಡಿಕೊಳ್ಳಿ. ಹತ್ತು ದಿನದ ಖರ್ಚಿಗಾಗುವಷ್ಟು ನಗದು, ಚಿಲ್ಲರೆ ಸಹಿತ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಮನೆಯಲ್ಲಿಡಿ.

ತೇವ

ನೆನೆದ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹುಗಿಯಬೇಡಿ. ಅಕ್ಕಿಯ ಹುಡಿ, ತೌಡು ಚಾರ್ಜಿಂಗ್ ರಂಧ್ರಕ್ಕೆ ಹೋಗಿ ಕೂರುತ್ತದೆ. ಫೋನನ್ನು ಆರಿಸಿ, ರಂಧ್ರ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಒಲೆಯ ಮೇಲಿನ ಅಟ್ಟದ ಬಿಸಿ ಅಡಿಕೆಗೆ ಸರಿ, ಫೋನಿನ ಬ್ಯಾಟರಿಗೆ ಅಲ್ಲ. ಕರಾವಳಿಯ ಉಪ್ಪುಗಾಳಿಗೆ ಚಾರ್ಜರಿನ ತುದಿ ಹಸಿರುಗಟ್ಟುತ್ತದೆ, ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಉಜ್ಜಿ. ಪವರ್ ಬ್ಯಾಂಕ್, ಹೆಚ್ಚುವರಿ ಕೇಬಲ್, ಟಾರ್ಚುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಹಿರಿಯರ ಫೋನು, ಮೋಸದ ಸಂದೇಶ

ಬೆಂಗಳೂರಿನಲ್ಲಿರುವ ಮಕ್ಕಳು ರಜೆಗೆ ಬಂದಾಗ ಅಪ್ಪ ಅಮ್ಮನ ಫೋನಿಗೆ ಇಷ್ಟು ಮಾಡಿಕೊಟ್ಟು ಹೋಗಿ. ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿ. ಗೂಗಲ್‌ನ ಕೀಲಿಮಣೆ ಜಿಬೋರ್ಡ್‌ನಲ್ಲಿ ಮಾತನಾಡಿ ಬರೆಯುವ ಕ್ರಮ ಕಲಿಸಿ, ಕನ್ನಡವನ್ನು ಅದು ಚೆನ್ನಾಗಿಯೇ ಗುರುತಿಸುತ್ತದೆ. ‘ಸುರಕ್ಷತೆ ಮತ್ತು ತುರ್ತು’ ವಿಭಾಗದಲ್ಲಿ ರಕ್ತದ ಗುಂಪು, ಕಾಯಿಲೆ, ಮಾತ್ರೆಗಳ ಹೆಸರು ತುಂಬಿ, ಪರದೆ ಬೀಗ ಹಾಕಿದ್ದಾಗಲೂ ಕಾಣುವಂತೆ ಮಾಡಿ. ಪವರ್ ಬಟನ್ನನ್ನು ಬೇಗ ಬೇಗ ಐದು ಬಾರಿ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿದೆ, ಅದನ್ನೂ ಚಾಲೂ ಮಾಡಿ.

ಮಳೆಗಾಲದಲ್ಲಿ ಮೋಸದ ಸಂದೇಶಗಳೂ ಋತುವಿಗೆ ತಕ್ಕಂತೆ ಬರುತ್ತವೆ. ‘ಬಿಲ್ ಬಾಕಿ, ಇಂದು ರಾತ್ರಿ ಕರೆಂಟು ಕಡಿತ’, ‘ಬೆಳೆ ಪರಿಹಾರ ಜಮಾ, ಫೈಲ್ ತೆರೆಯಿರಿ’ ಎಂಬಂಥವು. ಜೊತೆಗೆ ಬರುವ ಎಪಿಕೆ ಫೈಲನ್ನು ಮುಟ್ಟಬಾರದು. ಅದು ಫೋನಿನ ಎಸ್‌ಎಂಎಸ್ ಓದಿ ಬ್ಯಾಂಕಿನ ಒಟಿಪಿ ಕದಿಯುವ ಆ್ಯಪ್. ಸರ್ಕಾರದ ಯಾವ ಇಲಾಖೆಯೂ ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್ ಕಳುಹಿಸಿ ಪರಿಹಾರ ಕೊಡುವುದಿಲ್ಲ. ಹಣ ಹೋದದ್ದು ತಿಳಿದ ಕೂಡಲೇ, ನಾಚಿಕೆಪಟ್ಟು ತಡಮಾಡದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋನೇ ಕಳೆದುಹೋದರೆ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ಯಲ್ಲಿ ಅದನ್ನು ತಡೆಹಿಡಿಯಬಹುದು. ಅದಕ್ಕೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬೇಕು. *#06# ಒತ್ತಿದರೆ ಅದು ಕಾಣಿಸುತ್ತದೆ, ಗೋಡೆಯ ಹಾಳೆಯ ಹಿಂಬದಿಯಲ್ಲಿ ಬರೆದಿಡಿ.

ಒಂದು ಸಂಜೆಯ ತಾಲೀಮು

ಮೇ ಕೊನೆಯ ವಾರ ಒಂದು ಸಂಜೆ ಆರು ಗಂಟೆಗೆ ಮನೆಯ ಮೇನ್ ಸ್ವಿಚ್ ಆರಿಸಿ, ಒಂಬತ್ತರವರೆಗೆ ಹಾಗೆಯೇ ಇರಿ. ಎಲ್ಲರ ಫೋನಿನ ಮೊಬೈಲ್ ಡೇಟಾ ತೆಗೆಯಿರಿ. ಯುಪಿಎಸ್‌ನಲ್ಲಿ ರೂಟರ್ ಎಷ್ಟು ಹೊತ್ತು ನಿಂತಿತು, ವೈಫೈ ಕರೆ ಸ್ಪಷ್ಟವಾಗಿ ಕೇಳಿಸಿತೇ, ಕತ್ತಲೆಯಲ್ಲಿ ಪವರ್ ಬ್ಯಾಂಕಿನ ಡಬ್ಬ ಕೈಗೆ ಸಿಕ್ಕಿತೇ, ಆಫ್‌ಲೈನ್ ನಕ್ಷೆ ತೆರೆಯಿತೇ ಎಂದು ನೋಡಿ. ಗೋಡೆಯ ಮೇಲಿನ ಗುರುತನ್ನು ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಓದಿಸಿ, ಬೇರೆ ಊರಿನ ನೆಂಟರಿಗೆ ಫೋನಿನಲ್ಲಿ ಹೇಳಿಸಿ. ಅವರು ಅದನ್ನು ಹುಡುಕಿದಾಗ ನಿಮ್ಮ ಅಂಗಳವೇ ಕಂಡಿತೇ ಎಂದು ಕೇಳಿ. ಪಕ್ಕದ ಹಿತ್ತಲು ಕಂಡರೆ ಮರುದಿನ ಬೆಳಕಿನಲ್ಲಿ ಹೊಸದಾಗಿ ಗುರುತು ತೆಗೆದು ಹಾಳೆಯನ್ನು ಬದಲಿಸಿ.